ಗತಕುಳ

ಕಡುಬೇಸಿಗೆಯ ವರ್ಷಗಳಲ್ಲಿ ಇಂದಾಪುರ ತಾಲ್ಲೂಕಿನ ಪಳಸದೇವದ ಹಳೆಯ ದೇವಾಲಯವು ಉಜನಿ ಜಲಾಶಯದ ಹಿನ್ನೀರಿನಿಂದ ಮೇಲೆದ್ದು ಕಾಣುತ್ತದೆ. ಊರಿನವರು ಅಣೆಕಟ್ಟಿನ ಕಾಲದಲ್ಲೇ ಬೇರೆಡೆ ನೆಲೆಸಿದರು. ಹಳೆಯ ನಿವೇಶನವನ್ನಷ್ಟೇ ಕಂಡವನು ಇಲ್ಲಿಯ ಜನ ಅಳಿದುಹೋದರೆಂದು ಬರೆದುಕೊಂಡಾನು. ಹಿಂದಿನ ರಾಜ್ಯಗಳ ಜನಸಂಖ್ಯೆಯನ್ನು ಅಂದಾಜು ಮಾಡುವವರಿಗೂ ಇದೇ ಅಪಾಯ ಕಾದಿರುತ್ತದೆ.

ದಖ್ಖನಿನ ಅರಸರ ಲೆಕ್ಕಪತ್ರಗಳಿಗೆ ಬೇಕಾಗಿದ್ದುದು ಕಂದಾಯ, ಕುದುರೆ, ಕಾಲಾಳು. ಕೂಸು ಮುದುಕರ ಎಣಿಕೆಯಲ್ಲ. ಹೀಗಾಗಿ ಇತಿಹಾಸಕಾರರು ಇದ್ದ ಅಂಕಿಯನ್ನು ಯಾವುದಾದರೊಂದು ಸಂಖ್ಯೆಯಿಂದ ಗುಣಿಸುತ್ತಾರೆ. ಸ್ವತಃ ಕಂದಾಯದ ಅಧಿಕಾರಿಯಾಗಿದ್ದ ಡಬ್ಲ್ಯು. ಎಚ್. ಮೋರ್ಲೆಂಡ್ 1920ರಲ್ಲಿ, ಅಕ್ಬರನ ಕೊನೆಗಾಲದ ಭಾರತದಲ್ಲಿ ಹತ್ತು ಕೋಟಿ ಜನರಿದ್ದರೆಂದು ಅಂದಾಜಿಸಿದರು. ಉತ್ತರದ ಬಯಲಿಗೆ ಅವರ ಆಧಾರ ಸಾಗುವಳಿಯ ಭೂಮಿ. ವಿಜಯನಗರಕ್ಕೂ ದಖ್ಖನಿನ ಸುಲ್ತಾನರ ನಾಡಿಗೂ ಸೈನ್ಯದ ಗಾತ್ರ. ಹತ್ತು ಲಕ್ಷ ಸೈನಿಕರು, ಒಬ್ಬ ಸೈನಿಕನಿಗೆ ಮೂವತ್ತು ಜನ, ಒಟ್ಟು ಮೂರು ಕೋಟಿ. ಈ ಮೂವತ್ತು ಬಂದದ್ದು ಮೊದಲ ಮಹಾಯುದ್ಧಕ್ಕೆ ಮುಂಚಿನ ಫ್ರಾನ್ಸ್, ಜರ್ಮನಿಗಳಿಂದ! ಅನಂತರ ಶಿರೀನ್ ಮೂಸ್ವಿ ಸುಮಾರು 14.5 ಕೋಟಿ ಎಂದರು. ಸುಮಿತ್ ಗುಹಾ 11.6 ಕೋಟಿ ಎಂದರು. ಇಷ್ಟು ಅಂತರದ ಟಿಪ್ಪಣಿಯನ್ನು ನಾನು ಮೇಲಕ್ಕೆ ಕಳುಹಿಸಿದರೆ ಕಡತ ಸಂಜೆಯೊಳಗೆ ನನ್ನ ಮೇಜಿಗೇ ಮರಳುತ್ತದೆ.

ಸಾಗುವಳಿಯ ಭೂಮಿ ಸೈನ್ಯಕ್ಕಿಂತ ನಂಬಲರ್ಹ ಆಧಾರವೇನೋ ಹೌದು. ಆದರೆ ಇಂದಾಪುರದ ಕಥೆ ಅಲ್ಲಿಯೂ ಎಚ್ಚರಿಸುತ್ತದೆ. 1802ರಲ್ಲಿ ಹೋಳ್ಕರನ ದಂಡು ಈ ಸೀಮೆಯನ್ನು ಸೂರೆಗೈದಿತು; ಬೆನ್ನಿಗೇ 1803–04ರ ಕ್ಷಾಮ. ಹೊಲಗಳು ಬೀಳುಬಿದ್ದವು. ಪೇಶ್ವೆಯ ಆಡಳಿತ ರೈತರನ್ನು ಮರಳಿ ಕರೆಯಲು, ಕಡಿಮೆ ತೆರಿಗೆಯಿಂದ ಆರಂಭಿಸಿ ವರ್ಷವರ್ಷಕ್ಕೆ ಏರಿಸುವ ‘ಇಸ್ತಾವಾ’ ಕರಾರನ್ನು ಅನುಸರಿಸುತ್ತಿತ್ತು. ಒಡೆಯರ ಮನೆತನವೇ ಇಲ್ಲವಾದ ಭೂಮಿಗೆ ಮರಾಠಿ ದಫ್ತರಗಳಲ್ಲಿ ‘ಗತಕುಳ’ ಎಂಬ ಹೆಸರಿದೆ. ಕುಳ ಎಂದರೆ ತೆರಿಗೆ ಕೊಡುವವನು, ನಮ್ಮ ಕನ್ನಡದಲ್ಲಿರುವಂತೆಯೇ. ಆ ಮನೆತನ ಸತ್ತಿತೋ, ಗಂಟುಮೂಟೆ ಕಟ್ಟಿತೋ, ಆ ಒಂದು ಪದ ಎರಡನ್ನೂ ಮುಚ್ಚಿಬಿಡುತ್ತದೆ.

ಮುಂದೆ ಬ್ರಿಟಿಷರ ಕಾಲದಲ್ಲಿ ಪ್ರಿಂಗಲ್ ಎಂಬ ಅಧಿಕಾರಿಯ ಮೋಜಣಿಯಂತೆ 1830ರ ಸುಮಾರಿಗೆ ಹೊಸ ಕಂದಾಯ ಜಾರಿಯಾಯಿತು. ಅದು ದುಬಾರಿಯಾಗಿತ್ತು, ವಸೂಲಿ ಕ್ರೂರವಾಗಿತ್ತು. ರೈತರು ನೆರೆಯ ಸಂಸ್ಥಾನಗಳಿಗೆ ಓಡಿದರು, ಭೂಮಿ ಮತ್ತೆ ಬೀಳುಬಿತ್ತು. 1836ರಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ದರವನ್ನು ತಗ್ಗಿಸಿ ಮೂವತ್ತು ವರ್ಷಕ್ಕೆ ಸ್ಥಿರಗೊಳಿಸಿದ ಮೇಲೆ ಸಾಗುವಳಿ ಬೇಗನೆ ಚೇತರಿಸಿಕೊಂಡಿತು. ನಾಲ್ಕಾರು ವರ್ಷಗಳಲ್ಲಿ ನೇಗಿಲು ಹಿಡಿಯುವ ಮಕ್ಕಳು ಹುಟ್ಟಿ ಬೆಳೆಯುವುದಿಲ್ಲ. ಕೈಗಳು ಇದ್ದವು, ಬೇರೆಡೆ ಇದ್ದವು, ಇಲ್ಲವೇ ಸುಮ್ಮನಿದ್ದವು. ಎಕರೆಗಳನ್ನು ಗುಣಿಸಿ ಜನರನ್ನು ಎಣಿಸುವವನಿಗೆ 1835ರಲ್ಲಿ ಭೀಕರ ಸಾವು, 1845ರಲ್ಲಿ ಪವಾಡಸದೃಶ ಸಂತಾನವೃದ್ಧಿ ಕಂಡೀತು. ಕ್ಷಾಮದಲ್ಲಿ ಸತ್ತವರು ಕಡಿಮೆಯೆಂದು ಇದರ ಅರ್ಥವಲ್ಲ. ಸತ್ತವರ ಲೆಕ್ಕ ಸರಿಯಾಗಿ ಸಿಗಬೇಕಾದರೂ ಮೊದಲು ಓಡಿದವರನ್ನು ಬೇರ್ಪಡಿಸಬೇಕು.

ವಿಂಗೇಟ್ ಮುಂದೆ ಇದೇ ಪದ್ಧತಿಯನ್ನು ಧಾರವಾಡ, ಬೆಳಗಾವಿಗಳ ಕಡೆಗೂ ಒಯ್ದರು. ಅಲ್ಲಿಯ ಹಳೆಯ ದಾಖಲೆಗಳಲ್ಲಿ ಒಂದು ಊರು ಬರಿದಾಗಿ ಕಂಡರೆ, ಹೊಳೆಯಾಚೆಯ ಸೀಮೆಯ ಅದೇ ವರ್ಷದ ಕಡತವನ್ನೂ ಬಿಚ್ಚಿ ನೋಡಬೇಕು.