ಮಾನಸೋಲ್ಲಾಸದ ಮಲ್ಲರ ಆಹಾರವೂ ಮುಪ್ಪಿನ ಮಾಂಸಕ್ಷಯವೂ

ಈಗಿನ ಬಸವಕಲ್ಯಾಣವು ಹಿಂದೆ ಕಲ್ಯಾಣವೆಂಬ ಹೆಸರಿನಿಂದ ಚಾಲುಕ್ಯ ಚಕ್ರವರ್ತಿಗಳ ರಾಜಧಾನಿಯಾಗಿದ್ದಿತು. ಅಲ್ಲಿ ಆಳಿದ ಮೂರನೆಯ ಸೋಮೇಶ್ವರನು ಶಾಲಿವಾಹನ ಶಕ 1051ರ, ಎಂದರೆ ಕ್ರಿ. ಶ. 1129ರ, ಸುಮಾರಿನಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ನೂರು ಅಧ್ಯಾಯಗಳುಳ್ಳ ಈ ಗ್ರಂಥವು ಪಾಕಶಾಸ್ತ್ರ, ಸಂಗೀತಗಳ ಚರಿತ್ರೆಗೆ ಆಕರವೆಂದು ಪ್ರಸಿದ್ಧವಾಗಿದೆ. ದೇಹಬಲದ ಪೋಷಣೆಯ ವಿಚಾರದಲ್ಲಿಯೂ ಇದು ಗಮನಾರ್ಹವಾದುದು.

ಮಲ್ಲವಿನೋದವೆಂಬ ಅಧ್ಯಾಯದಲ್ಲಿ ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲಗಳಿಗನುಸಾರವಾಗಿ ವಿಂಗಡಿಸಿದೆ. ಅವರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ ಮೊದಲಾದವನ್ನು ಅರಸನೇ ಒದಗಿಸತಕ್ಕದ್ದೆಂದು ವಿಧಿಸಿದೆ. ಜತೆಗೆ ಭಾರವನ್ನೆತ್ತುವ ಭಾರಶ್ರಮ, ನಡೆದಾಡುವ ಭ್ರಮಣಶ್ರಮ, ಈಜುವ ಸಲಿಲಶ್ರಮ, ಕಂಬದ ಮೇಲಣ ಸ್ತಂಭಶ್ರಮಗಳನ್ನೂ ಹೇಳಿದೆ. ಪುಷ್ಟಿಯೂ ಶ್ರಮವೂ ಅಲ್ಲಿ ಒಂದನ್ನೊಂದು ಅಗಲಿಲ್ಲ. ಆದರೆ ಇದು ಕುಸ್ತಿಗಾರರಿಗೆ ಹೇಳಿದ ಕ್ರಮವೇ ಹೊರತು ವೃದ್ಧರ ಚಿಕಿತ್ಸೆಯಲ್ಲವೆಂಬುದನ್ನು ಮರೆಯಲಾಗದು.

ಮುಪ್ಪಿನ ಚಿಕಿತ್ಸೆಯನ್ನು ಆಯುರ್ವೇದವು ಬೇರೆಯಾಗಿಯೇ ವಿಚಾರಿಸಿದೆ. ವಾಗ್ಭಟನು ವೈದ್ಯದ ಎಂಟು ಅಂಗಗಳಲ್ಲಿ ಜರೆಯನ್ನೂ ಎಣಿಸಿದ್ದಾನೆ. ವಯಸ್ಸಾದಂತೆ ಮಾಂಸಖಂಡಗಳು ಕುಂದುವುದಕ್ಕೆ ಪಾಶ್ಚಾತ್ಯ ವೈದ್ಯದಲ್ಲಿ ಪ್ರತ್ಯೇಕವಾದ ಹೆಸರು ದೊರೆತುದು ಮಾತ್ರ ಈಚೆಗೆ: 1989ರಲ್ಲಿ ಅಮೆರಿಕದ ಅರ್ವಿನ್ ರೋಸೆನ್‌ಬರ್ಗ್ ಎಂಬವರು ಗ್ರೀಕ್ ಪದಗಳಿಂದ ‘ಸಾರ್ಕೋಪೀನಿಯಾ’ ಎಂಬ ಹೆಸರನ್ನು ಕಟ್ಟಿದರು. ಮಾಂಸದ ಕೊರತೆಯೆಂಬುದೇ ಅದರ ಅರ್ಥ.

ಈ ಕೊರತೆಯನ್ನು ತುಂಬಲು ಇಂದು ಪುಡಿ, ಪಾನೀಯಗಳು ಹೇರಳವಾಗಿ ಮಾರಾಟವಾಗುತ್ತಿವೆ. ಇವುಗಳಿಂದಲೇ ಬಲವು ಮರಳುವುದೇ ಎಂಬ ಪ್ರಶ್ನೆಗೆ 1994ರಲ್ಲಿ ಬಾಸ್ಟನ್ ನಗರದಿಂದ ಪ್ರಕಟವಾದ ಪರೀಕ್ಷೆಯೊಂದು ಉತ್ತರ ಕೊಟ್ಟಿತು. ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ವೃದ್ಧಾಶ್ರಯದ 100 ಮಂದಿಯನ್ನು ಹತ್ತು ವಾರಗಳವರೆಗೆ ಪರೀಕ್ಷಿಸಿದರು. ಅವರ ಸರಾಸರಿ ವಯಸ್ಸು 87. ಭಾರದ ವ್ಯಾಯಾಮವನ್ನು ಮಾಡಿದವರ ಸ್ನಾಯುಬಲವು ಇಮ್ಮಡಿಗಿಂತ ಹೆಚ್ಚಾಯಿತು. ವ್ಯಾಯಾಮವಿಲ್ಲದೆ ಪೋಷಕ ಪಾನೀಯವನ್ನು ಮಾತ್ರ ಕುಡಿದವರ ದೌರ್ಬಲ್ಯವು ಕಡಮೆಯಾಗಲಿಲ್ಲ.

ಹಾಗೆಂದು ಆಹಾರವು ಗೌಣವಲ್ಲ. ವೃದ್ಧರು ದೇಹದ ತೂಕದ ಪ್ರತಿಯೊಂದು ಕಿಲೋಗ್ರಾಮಿಗೆ ದಿನವೊಂದಕ್ಕೆ 1ರಿಂದ 1.2 ಗ್ರಾಮಿನಷ್ಟು ಸಸಾರಜನಕವನ್ನು ಸೇವಿಸಬೇಕೆಂದು 2013ರಲ್ಲಿ ತಜ್ಞರ ಅಂತಾರಾಷ್ಟ್ರೀಯ ಮಂಡಲಿಯೊಂದು ಸೂಚಿಸಿತು. ಮೂತ್ರಪಿಂಡದ ರೋಗವುಳ್ಳವರು ಮಾತ್ರ ವೈದ್ಯರ ಮಾತಿನಂತೆ ನಡೆಯತಕ್ಕದ್ದು. ಬಸವಕಲ್ಯಾಣ, ಹುಮನಾಬಾದುಗಳನ್ನೊಳಗೊಂಡ ಬೀದರ ಜಿಲ್ಲೆಯು ತೊಗರಿ, ಉದ್ದು, ಹೆಸರು, ಕಡಲೆಗಳ ಸೀಮೆ. ನೂರು ಗ್ರಾಂ ಒಣ ತೊಗರಿಬೇಳೆ, ಉದ್ದಿನಬೇಳೆ, ಹೆಸರುಬೇಳೆಗಳಲ್ಲಿ ಸುಮಾರು 22ರಿಂದ 24 ಗ್ರಾಂ ಸಸಾರಜನಕವಿರುತ್ತದೆ. ಕಲ್ಯಾಣದ ಮಲ್ಲರ ಭೋಜನದಲ್ಲಿ ಬೇಳೆಗೂ ಹಾಲಿಗೂ ಸ್ಥಾನವಿದ್ದುದು ಆಕಸ್ಮಿಕವಲ್ಲ.

ಸೋಮೇಶ್ವರನು ಈಚಿನ ಸಂಶೋಧನೆಯನ್ನು ಮೊದಲೇ ಕಂಡಿದ್ದನೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ಉಣಿಸಿದ ಮಾತ್ರದಿಂದ ಬಲ ಬಾರದು, ಉಂಡವನು ಶ್ರಮಿಸಲೂ ಬೇಕೆಂಬ ತಿಳಿವಳಿಕೆಯು ಕಲ್ಯಾಣದ ಗರಡಿಯಲ್ಲಿ ರೂಢವಾಗಿದ್ದಿತು. ಪುಡಿಯ ಡಬ್ಬಿಯೊಂದನ್ನೇ ನಂಬಿ ಕುಳಿತ ಮುಪ್ಪಿಗೆ ಇದು ಇಂದಿಗೂ ಸಲ್ಲುವ ಮಾತು.