ಬಲಿಯ ಚೀಟಿ, ಕ್ಷಮೆಯ ಬಾಗಿಲು: ಈಸ್ಟರ್ ಕ್ಷಮಾದಾನದ ಹಳೆಯದೊಂದು ಅಧ್ಯಾಯ

ಕನ್ನಡ ಕಥೋಲಿಕರು ತಮ್ಮ ಆರಾಧನೆಯನ್ನು ‘ಬಲಿಪೂಜೆ’ ಎನ್ನುತ್ತಾರೆ. ಗುರುಗಳ ಮುಂದೆ ತಪ್ಪೊಪ್ಪಿಕೊಳ್ಳುವುದನ್ನು ‘ಪಾಪನಿವೇದನೆ’ ಎನ್ನುತ್ತಾರೆ. ಈಸ್ಟರ್ ಹತ್ತಿರವಾದಂತೆ ಇವೆರಡೂ ಒಂದರ ಬೆನ್ನಿಗೊಂದು ಬರುತ್ತವೆ. ಇವುಗಳ ನಂಟನ್ನು ಸಾಮಾನ್ಯವಾಗಿ ಶಿಲುಬೆಯಿಂದಲೇ ವಿವರಿಸುವುದುಂಟು. ಆದರೆ ವಿಶ್ವಾಸದಿಂದ ಬಿದ್ದವರನ್ನು ಕ್ರೈಸ್ತ ಸಭೆ ಮತ್ತೆ ಹೇಗೆ ಸೇರಿಸಿಕೊಳ್ಳಬೇಕು ಎಂಬ ಪ್ರಶ್ನೆ ಉಗ್ರರೂಪ ತಾಳಿದ್ದು 3ನೇ ಶತಮಾನದಲ್ಲಿ, ಒಂದು ಸರ್ಕಾರಿ ಚೀಟಿಯ ದೆಸೆಯಿಂದ.

ಬಲಿಯ ಕಲ್ಪನೆ ಅದಕ್ಕೂ ಹಳೆಯದು. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಕ್ರಿಸ್ತನನ್ನು ಯೆಹೂದ್ಯರ ಪಸ್ಕ ಹಬ್ಬದ ಬಲಿಯ ಕುರಿಮರಿಯೆಂದ. ಯೋಹಾನನ ಸುವಾರ್ತೆ ಶಿಲುಬೆಯ ಮರಣವನ್ನು ಪಸ್ಕದ ಸಿದ್ಧತೆಯ ದಿನಕ್ಕೇ ಹೊಂದಿಸಿತು. ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯ ನಾಶವಾಗಿ ಅಲ್ಲಿನ ಬಲಿಯೂ ನಿಂತಿತು. ಕ್ರೈಸ್ತರ ಪಾಲಿಗೆ ಬಲಿ ಶಿಲುಬೆಯ ಮೇಲೆ ಒಮ್ಮೆಗೇ ಸಂದುಹೋಗಿತ್ತು. ಬೇರೆ ದೇವರಿಗೆ ಇನ್ನೊಂದು ಬಲಿ ಕೊಡುವುದೆಂದರೆ ಅದನ್ನೇ ಅಲ್ಲಗಳೆದಂತೆ.

ರೋಮನ್ ಚಕ್ರವರ್ತಿ ಡೇಸಿಯಸ್ ಕೈಹಾಕಿದ್ದು ಇದೇ ಮರ್ಮಸ್ಥಾನಕ್ಕೆ. ಸಾಮ್ರಾಜ್ಯದ ಪ್ರಜೆಗಳೆಲ್ಲ ದೇವತೆಗಳಿಗೆ ಬಲಿ ಕೊಡಬೇಕೆಂದು ಅವನ ಆಜ್ಞೆಯಾಯಿತು. ಈಜಿಪ್ಟಿನ ಮರಳಿನಲ್ಲಿ ಸಿಕ್ಕ, 250ರ ಬೇಸಿಗೆಯ ಪಪೈರಸ್ ಚೀಟಿಗಳು ಇದಕ್ಕೆ ಸಾಕ್ಷಿ. ಅವುಗಳ ಒಕ್ಕಣೆ ಹೆಚ್ಚುಕಡಿಮೆ ಒಂದೇ: ನಾನು ಎಂದಿನಿಂದಲೂ ದೇವತೆಗಳಿಗೆ ಬಲಿ ಕೊಡುತ್ತ ಬಂದವನು, ಈಗ ನಿಮ್ಮ ಕಣ್ಣೆದುರೇ ಪಾನ ಎರೆದು, ಬಲಿ ಕೊಟ್ಟು, ಬಲಿಯ ಮಾಂಸವನ್ನು ರುಚಿ ನೋಡಿದ್ದೇನೆ, ದಯವಿಟ್ಟು ರುಜು ಹಾಕಿ. ಕೆಳಗೆ, ಬೇರೆ ಕೈಬರಹದಲ್ಲಿ, ಕಂಡವರ ಸಾಕ್ಷಿ. ಅಂಗೈಯಗಲದ ಈ ಚೀಟಿಯ ಮೇಲೆ ಪ್ರಾಣ ಉಳಿಯುತ್ತಿತ್ತು. ಎಷ್ಟೋ ಕ್ರೈಸ್ತರು ಬಲಿ ಕೊಟ್ಟರು. ಕೆಲವರು ಬಲಿ ಕೊಡದೆ ದುಡ್ಡು ತೆತ್ತು ಚೀಟಿ ಮಾತ್ರ ಪಡೆದರು. ಸಭೆ ಇವರೆಲ್ಲರನ್ನೂ ‘ಬಿದ್ದವರು’ ಎಂದಿತು.

ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಬಿಕ್ಕಟ್ಟು ಜಟಿಲವಾಯಿತು. ಬಲಿ ಕೊಡಲೊಪ್ಪದೆ ಸೆರೆಯಲ್ಲಿ ಚಿತ್ರಹಿಂಸೆ ಉಂಡವರು, ಬಿದ್ದವರನ್ನು ಮತ್ತೆ ಸೇರಿಸಿಕೊಳ್ಳಿ ಎಂದು ಅವರ ಪರವಾಗಿ ಶಾಂತಿಪತ್ರ ಬರೆದುಕೊಡತೊಡಗಿದರು. ಒಬ್ಬರು ಪಟ್ಟ ಪಾಡು ಇನ್ನೊಬ್ಬರ ಕ್ಷಮೆಗೆ ಸಲ್ಲುತ್ತದೆಯೇ? ಧರ್ಮಾಧ್ಯಕ್ಷ ಸಿಪ್ರಿಯನ್ ಆ ಪತ್ರಗಳನ್ನು ಗೌರವಿಸಿದ, ಆದರೆ ಪ್ರಾಯಶ್ಚಿತ್ತವಿಲ್ಲದ ಕ್ಷಮೆಯನ್ನು ಒಪ್ಪಲಿಲ್ಲ. ಅವನೇ ಹಿಂಸೆಯ ದಿನಗಳಲ್ಲಿ ತಲೆಮರೆಸಿಕೊಂಡಿದ್ದವನು. ವಿರೋಧಿಗಳು ಅದನ್ನು ಎತ್ತಿ ಆಡದೆ ಬಿಡಲಿಲ್ಲ. ಗುಂಪುಗಾರಿಕೆಯಿಂದಾಗಿ 251ರ ಈಸ್ಟರಿಗೂ ಅವನು ಊರಿಗೆ ಮರಳಲಾಗಲಿಲ್ಲ. ಹಬ್ಬದ ನಂತರ ಸೇರಿದ ಧರ್ಮಾಧ್ಯಕ್ಷರ ಸಮಾವೇಶವು ಚೀಟಿಯನ್ನಷ್ಟೇ ಪಡೆದವರನ್ನು ಒಬ್ಬೊಬ್ಬರಾಗಿ ವಿಚಾರಿಸಿ ಸೇರಿಸಿಕೊಳ್ಳಬೇಕೆಂದೂ ಬಲಿ ಕೊಟ್ಟವರಿಗೆ ಮರಣಶಯ್ಯೆಯಲ್ಲಿ ಕ್ಷಮೆ ನೀಡಬೇಕೆಂದೂ ತೀರ್ಮಾನಿಸಿತು. ರೋಮಿನಲ್ಲಿ ನೊವೇಷಿಯನ್ ಎಂಬ ಗುರು ಮಾತ್ರ, ಬಿದ್ದವರಿಗೆ ಸಭೆಯಲ್ಲಿ ಮತ್ತೆ ಜಾಗವೇ ಇಲ್ಲವೆಂದು ಪಟ್ಟುಹಿಡಿದು ಬೇರೆಯಾದ. ಮುಂದೆ ಹೊಸ ಹಿಂಸೆಯ ಭಯ ಕವಿದಾಗ ಕಾರ್ಥೇಜಿನ ಸಭೆ ಪ್ರಾಯಶ್ಚಿತ್ತದಲ್ಲಿದ್ದವರೆಲ್ಲರನ್ನೂ ಒಳಗೆ ಕರೆಯಿತು. ನನ್ನ ಮಟ್ಟಿಗೆ ಈಸ್ಟರ್ ಕ್ಷಮೆಯ ಇತಿಹಾಸದ ತಿರುವು ಇದೇ: ಬಾಗಿಲು ತೆರೆಯಬೇಕೋ ಬೇಡವೋ ಎಂಬುದು ಹೋಗಿ, ಯಾವಾಗ, ಹೇಗೆ ಎಂಬುದು ಉಳಿಯಿತು.

325ರ ನೈಸಿಯಾ ಸಮ್ಮೇಳನ ಇದಕ್ಕೆ ಲೆಕ್ಕ ಹಾಕಿಕೊಟ್ಟಿತು. ಒತ್ತಾಯವಿಲ್ಲದೆಯೇ ಬಿದ್ದವರು 3 ವರ್ಷ ವಾಚನ ಕೇಳುವವರ ಸಾಲಿನಲ್ಲಿ, 7 ವರ್ಷ ಸಾಷ್ಟಾಂಗ ಬೀಳುವವರ ಸಾಲಿನಲ್ಲಿ, 2 ವರ್ಷ ಪ್ರಾರ್ಥನೆಯಲ್ಲಿದ್ದೂ ಪರಮಪ್ರಸಾದವಿಲ್ಲದೆ ಇರಬೇಕಿತ್ತು. ರೋಮಿನಲ್ಲಿ ಪ್ರಾಯಶ್ಚಿತ್ತಿಗಳನ್ನು ಈಸ್ಟರಿನ ಹಿಂದಿನ ಗುರುವಾರ ಸೇರಿಸಿಕೊಳ್ಳುವುದು ವಾಡಿಕೆಯೆಂದು 416ರಲ್ಲಿ ಪೋಪ್ ಮೊದಲನೆಯ ಇನ್ನೊಸೆಂಟ್ ಪತ್ರವೊಂದರಲ್ಲಿ ಬರೆದ. ತಪ್ಪು ಮಾಡಿದವರು ಎಲ್ಲರೆದುರು ಒಳಗೆ ಬಂದು, ಎರಡು ದಿನ ಕಳೆದು, ಪುನರುತ್ಥಾನದ ರಾತ್ರಿ ಎಲ್ಲರೊಡನೆ ಕೂಡುತ್ತಿದ್ದರು. ಮುಂದಿನ ಶತಮಾನಗಳಲ್ಲಿ ಪಾಪನಿವೇದನೆ ಗುಟ್ಟಿನದಾಯಿತು; 1215ರ ನಾಲ್ಕನೆಯ ಲ್ಯಾಟರನ್ ಸಮ್ಮೇಳನ ಅದನ್ನು ವರ್ಷಕ್ಕೊಮ್ಮೆಯಾದರೂ ಮಾಡಿ, ಈಸ್ಟರಿನಲ್ಲಿ ಪರಮಪ್ರಸಾದ ಸ್ವೀಕರಿಸಬೇಕೆಂದು ವಿಧಿಸಿತು.

ಇನ್ನು ಸಿಪ್ರಿಯನ್. 258ರಲ್ಲಿ ಅವನನ್ನೂ ಅಧಿಕಾರಿಯ ಮುಂದೆ ನಿಲ್ಲಿಸಿ ರೋಮಿನ ವಿಧಿ ಆಚರಿಸು ಎಂದರು. ಅವನು ಒಪ್ಪಲಿಲ್ಲ. ಸೆಪ್ಟೆಂಬರ್ 14ರಂದು ಅವನ ತಲೆ ಕಡಿದರು.