ಬದಲಾವಣೆಗೆ ಅಂಕ ಕೊಟ್ಟವರು: ಬದುಕಿನ ಏರುಪೇರು ಮತ್ತು ಮನೋವಿಜ್ಞಾನದ ಒಂದು ವಿವಾದ

ಬದುಕಿನ ಏರುಪೇರುಗಳನ್ನು ಅಳೆಯಲು ಸಾಧ್ಯವೇ ಎಂಬ ಪ್ರಶ್ನೆಗೆ 1967ರಲ್ಲಿ ಅಮೆರಿಕದ ಸಿಯಾಟಲ್ ನಗರದಿಂದ ಅಂಕಿಗಳ ರೂಪದ ಉತ್ತರ ಬಂತು. ಮನೋವೈದ್ಯರಾದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರೇ ಪ್ರಕಟಿಸಿದ 43 ಘಟನೆಗಳ ಪಟ್ಟಿಯಲ್ಲಿ ಸಂಗಾತಿಯ ಸಾವಿಗೆ 100 ಅಂಕ, ವಿಚ್ಛೇದನಕ್ಕೆ 73, ಮದುವೆಗೆ 50, ಕ್ರಿಸ್‌ಮಸ್‌ಗೆ 12. ಮದುವೆಗೆ ಹೊಂದಿಕೊಳ್ಳಲು ಬೇಕಾಗುವ ಶ್ರಮದೊಂದಿಗೆ ಹೋಲಿಸಿ ಉಳಿದ ಘಟನೆಗಳ ಭಾರವನ್ನು ಅಂದಾಜು ಮಾಡಿ ಎಂದು 394 ಮಂದಿಯನ್ನು ಕೇಳಲಾಗಿತ್ತು. ಅವರ ಅಂದಾಜಿನ ಸರಾಸರಿಯೇ ಈ ಅಂಕ. ಇದರ ಬೇರು ಹಿಂದಿನದು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅಡಾಲ್ಫ್ ಮೈಯರ್, ರೋಗಿಯ ಕಾಯಿಲೆಗಳನ್ನೂ ಬದುಕಿನ ಘಟನೆಗಳನ್ನೂ ಒಂದೇ ನಕ್ಷೆಯಲ್ಲಿ ಬರೆದಿಡುವ ಪದ್ಧತಿ ತಂದಿದ್ದರು. ಸಿಯಾಟಲ್‌ನ ಕ್ಷಯರೋಗ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಹೋಮ್ಸ್‌ಗೆ, ಕಾಯಿಲೆ ಕಾಣಿಸಿಕೊಳ್ಳುವ ಮುಂಚಿನ ಒಂದೆರಡು ವರ್ಷಗಳಲ್ಲಿ ಊರು, ಕೆಲಸ, ಸಂಸಾರದ ಬದಲಾವಣೆಗಳು ಒತ್ತೊತ್ತಾಗಿ ಬಂದಿರುವುದು ಕಂಡಿತ್ತು. ಒಳಿತಿರಲಿ ಕೆಡುಕಿರಲಿ, ಬದಲಾವಣೆಯೇ ದೇಹಮನಸ್ಸುಗಳನ್ನು ದಣಿಸುತ್ತದೆ ಎಂಬುದು ಈ ಪಟ್ಟಿಯ ಹಿಂದಿನ ನಂಬಿಕೆ. ಆ ನಂಬಿಕೆ ನಿಲ್ಲಲಿಲ್ಲ. ಆದರೆ ಅದನ್ನು ತಿದ್ದಲು ಬಂದ ಎರಡು ಪಾಠಗಳಲ್ಲಿ ಒಂದನ್ನು ಮಾತ್ರ ಜನಪ್ರಿಯ ಮನೋವಿಜ್ಞಾನ ಹಿಡಿದುಕೊಂಡು ಇನ್ನೊಂದನ್ನು ಕೈಬಿಟ್ಟಿತು ಎಂಬುದು ನನ್ನ ವಾದ.

ಪಟ್ಟಿಯ ಮೊದಲ ದೊಡ್ಡ ಪರೀಕ್ಷೆ ಅಮೆರಿಕದ ನೌಕಾಪಡೆಯಲ್ಲಿ ನಡೆಯಿತು. ಹಡಗು ಹೊರಡುವ ಮುನ್ನ ಸುಮಾರು 2,500 ನಾವಿಕರಿಂದ ಬದುಕಿನ ಬದಲಾವಣೆಗಳನ್ನು ಕೇಳಿ ಬರೆದುಕೊಂಡು, ಯಾನದಲ್ಲಿ ಅವರಿಗೆ ಬಂದ ಕಾಯಿಲೆಗಳೊಂದಿಗೆ ತಾಳೆ ನೋಡಲಾಯಿತು. ನಂಟು ಇತ್ತು, ಆದರೆ ತೆಳ್ಳಗಿತ್ತು: ಸಹಸಂಬಂಧ ಸುಮಾರು 0.12. ಇಂಥ ಅಧ್ಯಯನಗಳನ್ನು 1976ರಲ್ಲಿ ಒಟ್ಟಾಗಿ ಪರಿಶೀಲಿಸಿದ ರಾಬ್ಕಿನ್ ಮತ್ತು ಸ್ಟ್ರೂನಿಂಗ್, ಈ ಸಂಖ್ಯೆ ಸಾಮಾನ್ಯವಾಗಿ 0.30 ದಾಟುವುದಿಲ್ಲವೆಂದು ತೋರಿಸಿದರು. ಅಂದರೆ ಯಾರು ಕಾಯಿಲೆ ಬೀಳುತ್ತಾರೆ, ಯಾರು ಬೀಳುವುದಿಲ್ಲ ಎಂಬ ವ್ಯತ್ಯಾಸದಲ್ಲಿ ಘಟನೆಗಳ ಪಾಲು ಹೆಚ್ಚೆಂದರೆ ಶೇ. 9. ಉಳಿದದ್ದು ಎಲ್ಲಿದೆ?

ಒಂದು ಉತ್ತರವನ್ನು ಬರ್ಕ್ಲಿಯ ರಿಚರ್ಡ್ ಲಾಜರಸ್ ಮೊದಲೇ ಹುಡುಕತೊಡಗಿದ್ದರು. 1960ರ ದಶಕದ ಪ್ರಯೋಗಗಳಲ್ಲಿ ಅವರು ನೋಡಲು ಕಷ್ಟವಾಗುವ ಒಂದೇ ಚಲನಚಿತ್ರವನ್ನು ಬೇರೆ ಬೇರೆ ನಿರೂಪಣೆಯೊಂದಿಗೆ ತೋರಿಸಿದರು. ನೋವನ್ನು ಅಲ್ಲಗಳೆಯುವ ಅಥವಾ ತಟಸ್ಥವಾಗಿ ವಿವರಿಸುವ ದನಿ ಕೇಳಿದವರಲ್ಲಿ, ಚರ್ಮದ ವಿದ್ಯುತ್ ವಾಹಕತೆಯಲ್ಲಿ ಕಾಣುವ ಉದ್ವೇಗ ಕಡಿಮೆಯಿತ್ತು. ಮನುಷ್ಯ ಘಟನೆಗೆ ಕೊಡುವ ಅರ್ಥವೇ ಅದರ ಭಾರವನ್ನು ನಿರ್ಧರಿಸುತ್ತದೆ ಎಂಬ ಈ ಚಿಂತನೆ, 1984ರಲ್ಲಿ ಸೂಸನ್ ಫೋಕ್‌ಮನ್ ಜೊತೆ ಬರೆದ ಗ್ರಂಥದಲ್ಲಿ ಪೂರ್ಣರೂಪ ಪಡೆಯಿತು. ಸಮಸ್ಯೆಯನ್ನೇ ಎದುರಿಸುವುದು, ಅದು ಎಬ್ಬಿಸುವ ಭಾವನೆಯನ್ನು ಸಂಭಾಳಿಸುವುದು ಎಂಬ ಅವರ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ. ಆದರೆ ಪುಸ್ತಕದಂಗಡಿಗಳಿಗೂ ಕಚೇರಿಗಳ ತರಬೇತಿ ಶಿಬಿರಗಳಿಗೂ ಇಳಿಯುವ ಹೊತ್ತಿಗೆ ಈ ಚಿಂತನೆ ಕುಗ್ಗಿತ್ತು. ನಿಮ್ಮ ದೃಷ್ಟಿ ಬದಲಿಸಿಕೊಳ್ಳಿ, ಎಲ್ಲ ಸರಿಹೋಗುತ್ತದೆ ಎಂಬಷ್ಟೇ ಉಳಿಯಿತು. ಕುಗ್ಗಿದವನ ಕುಗ್ಗುವಿಕೆಗೆ ಅವನೇ ಹೊಣೆ ಎಂಬ ಸೂಚನೆ ಇದರಲ್ಲಿ ಅಡಗಿದೆ. ಅದು ನನಗೆ ಕ್ರೂರವಾಗಿ ಕಾಣುತ್ತದೆ.

ಕೈಬಿಟ್ಟ ಪಾಠ ಲಂಡನ್ನಿನದು. ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ ದಕ್ಷಿಣ ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ 458 ಮಹಿಳೆಯರನ್ನು ಮಾತನಾಡಿಸಿ 1978ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ತೀವ್ರ ನಷ್ಟವೊಂದು ಎರಗಿದಾಗ ಎಲ್ಲರೂ ಖಿನ್ನತೆಗೆ ಬೀಳಲಿಲ್ಲ. ಅಪಾಯ ಹೆಚ್ಚಿದ್ದು ಮನಸ್ಸು ಬಿಚ್ಚಿ ಮಾತಾಡಲು ಹತ್ತಿರದವರಿಲ್ಲದವರಿಗೆ, ಹನ್ನೊಂದು ವರ್ಷದೊಳಗೆ ತಾಯಿಯನ್ನು ಕಳೆದುಕೊಂಡವರಿಗೆ, ಮನೆಯಲ್ಲಿ ಮೂರು ಅಥವಾ ಹೆಚ್ಚು ಎಳೆಯ ಮಕ್ಕಳಿದ್ದವರಿಗೆ, ಹೊರಗೆ ದುಡಿಮೆ ಇಲ್ಲದವರಿಗೆ. ಅರ್ಥವೆಂಬುದು ತಲೆಯೊಳಗೆ ಮಾತ್ರ ಹುಟ್ಟುವುದಿಲ್ಲ. ಬಾಡಿಗೆ, ಗಂಡ, ಮಕ್ಕಳು, ನೆರೆಮನೆ ಎಲ್ಲವೂ ಸೇರಿ ಅದನ್ನು ರೂಪಿಸುತ್ತವೆ.

ಖಿನ್ನತೆಯಲ್ಲಿರುವವರಿಗೆ ಹಿಂದಿನದೆಲ್ಲ ಕತ್ತಲಾಗಿಯೇ ಕಾಣುತ್ತದೆ, ಆದ್ದರಿಂದ ಅವರ ಮಾತನ್ನು ಸಾಕ್ಷ್ಯವೆಂದು ಹೇಗೆ ಒಪ್ಪುವುದು ಎಂಬ ಆಕ್ಷೇಪ ಗಂಭೀರವಾದದ್ದೇ. ಬ್ರೌನ್ ಅದನ್ನು ಮುಂಚೆಯೇ ಊಹಿಸಿದ್ದರು. ಸಂದರ್ಶಕರು ಘಟನೆಯನ್ನೂ ಮಹಿಳೆಯ ಪರಿಸ್ಥಿತಿಯನ್ನೂ ಸಹೋದ್ಯೋಗಿಗಳ ಮುಂದೆ ವಿವರಿಸುತ್ತಿದ್ದರು. ಆಕೆ ಹೇಗೆ ನೊಂದಳು, ಖಿನ್ನತೆಗೆ ಬಿದ್ದಳೇ ಎಂಬುದನ್ನು ಮಾತ್ರ ಮುಚ್ಚಿಡುತ್ತಿದ್ದರು. ಅಂಥ ಪರಿಸ್ಥಿತಿಯಲ್ಲಿರುವ ಯಾರಿಗಾದರೂ ಇದು ಎಷ್ಟು ಭಾರವಾದೀತು ಎಂದು ತೀರ್ಮಾನಿಸುವುದು ಆ ಸಹೋದ್ಯೋಗಿಗಳ ಕೆಲಸ. ಶ್ರಮದ ವಿಧಾನ, ನಿಜ. ಆದರೆ ಇಡೀ ವಿವಾದದಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಅಳತೆ ನನಗೆ ಕಾಣದು. ಭಾರತದಲ್ಲೂ ಪರಿಸ್ಥಿತಿಯ ಮಹತ್ವ ಬೇಗ ಗೊತ್ತಾಯಿತು. 1984ರಲ್ಲಿ ಗುರ್ಮೀತ್ ಸಿಂಗ್ ಮತ್ತು ಸಂಗಡಿಗರು ಇಲ್ಲಿಗೆಂದೇ ರೂಪಿಸಿದ 51 ಘಟನೆಗಳ ಪಟ್ಟಿಯಲ್ಲಿ ಕ್ರಿಸ್‌ಮಸ್ ಇಲ್ಲ; ಮಗಳ ಅಥವಾ ತಂಗಿಯ ಮದುವೆ, ವರದಕ್ಷಿಣೆಯ ಜಗಳ, ಗಂಡುಮಗು ಇಲ್ಲದಿರುವುದು ಇವೆ. ಮಗಳ ಮದುವೆ ಸಂಭ್ರಮವೂ ಹೌದು, ಸಾಲವೂ ಹೌದು. ಗಂಡುಮಗು ಇಲ್ಲದಿರುವುದಂತೂ ಘಟನೆಯೇ ಅಲ್ಲ. ಅದನ್ನು ಭಾರವಾಗಿಸುವುದು ಸುತ್ತಲಿನ ಸಮಾಜ.

ಇನ್ನೊಂದು ಆಕ್ಷೇಪ ವ್ಯಾವಹಾರಿಕ. ದೃಷ್ಟಿಯನ್ನಾದರೆ ಚಿಕಿತ್ಸಕರು ಬದಲಿಸಲು ಯತ್ನಿಸಬಹುದು, ಬದುಕಿನ ಪರಿಸ್ಥಿತಿಯನ್ನು ಬದಲಿಸುವವರು ಯಾರು? ಬಡತನದ ಮಟ್ಟಿಗೆ ಈ ಮಾತಿಗೆ ಸುಲಭದ ಉತ್ತರವಿಲ್ಲ. ಆದರೆ ಹತ್ತಿರದವರಿಲ್ಲ ಎಂಬ ಕೊರತೆಯನ್ನು ಹ್ಯಾರಿಸ್ ಮತ್ತು ಬ್ರೌನ್ ನೇರವಾಗಿ ಪ್ರಯೋಗಕ್ಕೆ ಒಡ್ಡಿದರು. ದೀರ್ಘಕಾಲದ ಖಿನ್ನತೆಯಲ್ಲಿದ್ದ ಲಂಡನ್ನಿನ 86 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಯನ್ನು ಸ್ವಯಂಸೇವಕಿಯರು ನಿಯಮಿತವಾಗಿ ಭೇಟಿಯಾಗಿ, ಸ್ನೇಹಿತೆಯರಂತೆ ಮಾತನಾಡುತ್ತಿದ್ದರು. ಉಳಿದವರು ಸರದಿಗಾಗಿ ಕಾದಿದ್ದರು. 1999ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಇಂಥ ಒಡನಾಟ ದೊರೆತವರಲ್ಲಿ ಶೇ. 65 ಮಂದಿ ಚೇತರಿಸಿಕೊಂಡರು, ಕಾದವರಲ್ಲಿ ಶೇ. 39.